ಲಂಡನ್, 1930ರ ದಶಕ: ಬಸುರಿ ತಪಾಸಣೆ ಹೆಚ್ಚಿತು, ತಾಯಂದಿರ ಸಾವು ಯಾಕೆ ಇಳಿಯಲಿಲ್ಲ?

[ಪರದೆ: ಉದ್ದನೆಯ ಬೆಂಚು, ಸಾಲಾಗಿ ಕೂತ ಬಸುರಿಯರು, ಕೈಯಲ್ಲಿ ಸಣ್ಣ ಬಾಟಲಿ]

ಬಾಟಲಿಯಲ್ಲಿರೋದು ಔಷಧಿ ಅಲ್ಲ, ಮೂತ್ರ. 1918ರ ತಾಯಿ-ಮಕ್ಕಳ ಕಲ್ಯಾಣ ಕಾನೂನು ಬಂದಮೇಲೆ ಇಂಗ್ಲೆಂಡಿನ ಊರೂರಲ್ಲೂ ಇಂಥ ಸಾರ್ವಜನಿಕ ಕ್ಲಿನಿಕ್‌ಗಳು ಹೆಚ್ಚಿದವು. ಯಾವಾಗ ಬರಬೇಕು ಅಂತ 1929ರಲ್ಲಿ ಆರೋಗ್ಯ ಸಚಿವಾಲಯ ಬರೆದುಕೊಟ್ಟಿತು: 16ನೇ ವಾರ, 24, 28, ಆಮೇಲೆ 36ರವರೆಗೆ ಹದಿನೈದು ದಿನಕ್ಕೊಮ್ಮೆ, ನಂತರ ವಾರವಾರ. 40ರ ತನಕ ಎಣಿಸಿದರೆ 11 ಸಲ. ನಮ್ಮ ಡಾಕ್ಟರು ಈಗಲೂ ಕಡೇ ತಿಂಗಳಲ್ಲಿ "ವಾರವಾರ ಬನ್ನಿ" ಅನ್ನೋದು ಇದೇ ಜಾಡಿನಲ್ಲಿ.

[ಕ್ಲೋಸಪ್: ಸ್ಪಿರಿಟ್ ದೀಪ, ಪ್ರನಾಳ]

ಈಗ ಆ ಬಾಟಲಿಗೆ ಬರೋಣ. ಪ್ರನಾಳದ ಮುಕ್ಕಾಲು ಭಾಗ ಮೂತ್ರ ತುಂಬಿ, ಬುಡ ಹಿಡಿದು, ಮೇಲ್ಭಾಗವನ್ನಷ್ಟೇ ಕುದಿಸಬೇಕು. ಕೆಳಗಿನದು ತಿಳಿಯಾಗೇ ಇರುತ್ತಲ್ಲ, ಹೋಲಿಸಿ ನೋಡೋಕೆ ಅದೇ ಸಾಕು. ಮೇಲೆ ಮೋಡ ಕಟ್ಟಿದರೆ ಗಾಬರಿ ಬೇಡ, ಎರಡು ಮೂರು ಹನಿ ತೆಳು ಅಸಿಟಿಕ್ ಆಮ್ಲ ಹಾಕಿ. ಕರಗಿದರೆ ಫಾಸ್ಫೇಟು ಅನ್ನೋ ಲವಣ, ಉಳಿದರೆ ಆಲ್ಬುಮಿನ್ ಅನ್ನೋ ಪ್ರೋಟೀನು. ಅದರ ಜೊತೆ ಬಿಪಿ ಏರಿ, ಮುಖ ಕೈ ಊದಿದ್ದರೆ ಫಿಟ್ಸ್ ಬರೋ ಅಪಾಯ. ಆಗ ಕೂಡಲೇ ಹಾಸಿಗೆಯಲ್ಲಿ ಮಲಗಿಸಿ ವಿಶ್ರಾಂತಿ ಕೊಡುತ್ತಿದ್ದರು. ಎಡವೋದೂ ಇಲ್ಲೇ: ಬಿಳಿಸೆರಗು ಬೆರೆತ ಮೂತ್ರವೂ ಮೋಡ ಕಟ್ಟುತ್ತೆ. ತೊಳೆದುಕೊಂಡು ಮತ್ತೊಮ್ಮೆ ಹಿಡಿದು ತರಬೇಕು.

[ಪರದೆ: ಹೊಟ್ಟೆಯ ಮೇಲೆ ಎರಡು ಕೈ]

ಇನ್ನೊಂದು ಭಯ ರಿಕೆಟ್ಸ್, ಅಂದರೆ ಮೂಳೆ ಮೆತ್ತಗಾಗುವ ರೋಗ. ಬಿಸಿಲು ಕಾಣದ ಓಣಿಗಳಲ್ಲಿ ಬೆಳೆದ ಹುಡುಗಿಯರ ಸೊಂಟದ ಮೂಳೆ ಸೊಟ್ಟಗಾಗಿ ದಾರಿ ಕಿರಿದಾಗುತ್ತಿತ್ತು. ಅದಕ್ಕೇ ಕಡೇ ತಿಂಗಳಲ್ಲಿ ಮಗುವಿನ ತಲೆಯನ್ನು ಕೆಳಕ್ಕೆ ಒತ್ತಿ ನೋಡೋದು. ಒಳಗಿಳಿದರೆ ಸರಿ, ಮೂಳೆಯ ಮೇಲೆ ಉಬ್ಬಿ ನಿಂತರೆ ಮನೆಯಲ್ಲಿ ಹೆರಿಗೆ ಬೇಡ, ಆಸ್ಪತ್ರೆಗೇ ಕಳಿಸಬೇಕು.

ಇಷ್ಟೆಲ್ಲ ನೋಡಿದರೂ 1934ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾವಿರ ಹೆರಿಗೆಗೆ ನಾಲ್ಕಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಕ್ಲಿನಿಕ್ ಸೋತಿತು ಅಂದವರೂ ಇದ್ದರು. ಅದು ಅರ್ಧ ಸತ್ಯ. ಅತಿ ದೊಡ್ಡ ಕೊಲೆಗಾರ ಅಂದರೆ ಬಾಣಂತಿಯರಿಗೆ ತಗಲುವ ಸೋಂಕು, ಬಾಣಂತಿ ನಂಜು. ಅದು ಶುರುವಾಗೋದೇ ಹೆರಿಗೆ ಹೊತ್ತಿಗೆ. ಅದನ್ನು ತರುವ ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಎಷ್ಟೋ ಸಲ ಹೆರಿಗೆ ಮಾಡಿಸುವವರ ಗಂಟಲಿನಿಂದಲೇ ಬರುತ್ತಿತ್ತು. 28ನೇ ವಾರದಲ್ಲಿ ಹೊಟ್ಟೆ ಮುಟ್ಟಿ ನೋಡಿದರೆ ಅದು ಕಾಣೋದಾದರೂ ಹೇಗೆ? ಕೈ ತೊಳೆದರೂ ಸಾಲದು, ಮೂಗು ಬಾಯಿ ಮುಚ್ಚುವ ಮಾಸ್ಕ್ ಬೇಕಿತ್ತು. ಮೇಲಾಗಿ ಕ್ಲಿನಿಕ್ಕಿನಲ್ಲಿ ನೋಡಿದವರು ಒಬ್ಬರು, ಮನೆಗೆ ಬಂದು ಹೆರಿಗೆ ಮಾಡಿಸುವವರು ಇನ್ನೊಬ್ಬರು. ಕಾರ್ಡಿನಲ್ಲಿ ಬರೆದದ್ದು ಮಂಚದ ತನಕ ಮುಟ್ಟದಿದ್ದರೆ ಬರೆದೂ ದಂಡ. 1936ರ ಕಾನೂನು ಸಂಬಳದ ಮಿಡ್‌ವೈಫ್‌ಗಳನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹಾಕಿತು.

[ಪರದೆ: ಕೆಂಪು ದ್ರವದ ಸೀಸೆ]

ಅದೇ ವರ್ಷ ಲಂಡನ್ನಿನ ಕ್ವೀನ್ ಷಾರ್ಲೆಟ್ಸ್ ಆಸ್ಪತ್ರೆಯಲ್ಲಿ ವೈದ್ಯ ಲಿಯೊನಾರ್ಡ್ ಕೋಲ್‌ಬ್ರೂಕ್ ಜರ್ಮನಿಯ ಪ್ರಾಂಟೋಸಿಲ್ ಅನ್ನೋ ಬಣ್ಣದ ಮದ್ದನ್ನು ನಂಜಿನ ಬಾಣಂತಿಯರಿಗೆ ಕೊಟ್ಟು ನೋಡಿದರು. ಮೊದಲ 38 ಮಂದಿಯಲ್ಲಿ ಸತ್ತವರು 3. ಅದಕ್ಕೆ ಮುಂಚೆ ಸುಮಾರು ನಾಲ್ವರಲ್ಲಿ ಒಬ್ಬರು ಹೋಗುತ್ತಿದ್ದರು. ಸಾವಿನ ಗೆರೆ ಇಳಿಯತೊಡಗಿದ್ದು ಆಮೇಲೆ. ಹೆರಿಗೆಯ ರಕ್ತಸ್ರಾವಕ್ಕೆ ಮಾತ್ರ ಈ ಕೆಂಪು ಮದ್ದಿನಿಂದ ಏನೂ ಆಗದು. ಅದಕ್ಕೆ ರಕ್ತವೇ ಬೇಕಿತ್ತು.