ಬೋಟಿನ ಫ್ಯಾನು, ಕಂಪ್ಯೂಟರಿನ ಲೆಕ್ಕ

ಕೇಳುಗರೇ, ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಂಗಳೂರಿನ ದಕ್ಕೆಯ ಕಡೆ ಹೋದರೆ, ಮೇಲೆಳೆದು ನಿಲ್ಲಿಸಿದ ಬೋಟಿನ ಹಿಂಬದಿಗೊಮ್ಮೆ ಬಗ್ಗಿ ನೋಡಿ. ಅಲ್ಲಿರುವುದು ಪ್ರೊಪೆಲ್ಲರ್. ಮೀನುಗಾರರ ಬಾಯಲ್ಲಿ ಫ್ಯಾನ್.

ಅದರ ಎಲೆಯ ಮೇಲೆ ಕೈಯಾಡಿಸಿದರೆ ಕೆಲವೊಮ್ಮೆ ಸಣ್ಣ ಗುಳಿಗಳು ಸಿಗುತ್ತವೆ. ಎಲ್ಲವೂ ಉಪ್ಪುನೀರಿನ ಕೆಲಸವಲ್ಲ. ಎಲೆ ಜೋರಾಗಿ ತಿರುಗುವಾಗ ಅದರ ಒಂದು ಮೈಯಲ್ಲಿ ಒತ್ತಡ ತೀರಾ ಇಳಿಯುತ್ತದೆ. ಆಗ ನೀರು ತಣ್ಣಗಿದ್ದುಕೊಂಡೇ ಕುದಿಯುತ್ತದೆ! ಆ ಗುಳ್ಳೆಗಳು ಒಡೆಯುವ ಹೊಡೆತಕ್ಕೆ ಲೋಹವೇ ಕಿತ್ತುಬರುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ‘ಟರ್ಬೀನಿಯಾ’ ಹಡಗನ್ನು ನೀರಿಗಿಳಿಸಿದಾಗ ಕಂಗಾಲಾದದ್ದು ಇದೇ ಗುಳ್ಳೆಗಳಿಂದ. ಎಂಜಿನ್‌ನಲ್ಲಿ ಬಲ ಇತ್ತು, ಓಟ ಬರಲಿಲ್ಲ. ಕೊನೆಗೆ ಮೂರು ಶಾಫ್ಟ್, ಒಂದೊಂದಕ್ಕೂ ಮೂರು ಫ್ಯಾನ್, ಒಟ್ಟು ಒಂಬತ್ತು ಹಾಕಿದ ಮೇಲೆ ಹಡಗು 34 ನಾಟ್, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್ ವೇಗದಲ್ಲಿ ಓಡಿತು.

ಎಲೆ ಎಷ್ಟು ಅಗಲ, ಎಷ್ಟು ದಪ್ಪ, ಎಷ್ಟು ಓರೆ? ಒಂದನ್ನು ಬದಲಿಸಿದರೆ ಇನ್ನೊಂದು ಕೆಡುತ್ತದೆ. ಈ ಹುಡುಕಾಟವನ್ನು ಈಗ ಕಂಪ್ಯೂಟರಿಗೆ ಬಿಡುತ್ತಾರೆ. ನಮ್ಮ ಹಿರಿಯರು ಒಳ್ಳೆ ತೆನೆ ಆರಿಸಿ, ಬೀಜಕ್ಕೆಂದು ಮುಡಿ ಕಟ್ಟಿ ಇಡುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೇ. ಕಂಪ್ಯೂಟರ್ ಮೊದಲು ಐವತ್ತು ಫ್ಯಾನುಗಳನ್ನು ಸುಮ್ನೆ ಅಂದಾಜಿಗೆ ಬರೆಯುತ್ತದೆ. ಲೆಕ್ಕ ಹಾಕಿ, ಒಳ್ಳೆಯವನ್ನು ಉಳಿಸುತ್ತದೆ. ಅವುಗಳ ಗುಣ ಬೆರೆಸಿ, ಅಲ್ಲಲ್ಲಿ ಒಂಚೂರು ಬದಲಿಸಿ ಹೊಸ ಐವತ್ತು ಮಾಡುತ್ತದೆ. ಹೀಗೆ ನೂರು ತಲೆಮಾರು ನಡೆದರೆ ಐದು ಸಾವಿರ ಫ್ಯಾನ್ ಆಯಿತು. ಅಷ್ಟನ್ನು ಎರಕ ಹೊಯ್ದು ನೋಡುವವರು ಯಾರು!

ಆದರೆ ಕಂಪ್ಯೂಟರಿಗೆ ಸಮುದ್ರ ಗೊತ್ತಿಲ್ಲ. ‘ಡೀಸೆಲ್ ಉಳಿಸು’ ಎಂದಷ್ಟೇ ಹೇಳಿದರೆ ಎಲೆಯನ್ನು ತೆಳ್ಳಗೆ, ಕಿರಿದಾಗಿ ಮಾಡಿಕೊಡುತ್ತದೆ. ನೀರಿನ ಉಜ್ಜಾಟ ಕಡಿಮೆಯಾಯಿತು, ಸರಿ. ಗುಳ್ಳೆ ಜಾಸ್ತಿಯಾಯಿತು, ಎಲೆ ಮುರಿಯುವ ಹಾಗಾಯಿತು. ಇಲ್ಲವೇ ಫ್ಯಾನನ್ನು ದೊಡ್ಡದು ಮಾಡುತ್ತಾ ಹೋಗಿ, ಬೋಟಿನ ತಳಕ್ಕೇ ತಾಗಿಸುತ್ತದೆ. ಹೇಳದೆ ಬಿಟ್ಟದ್ದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮ್ಮ ಟ್ರಾಲ್ ಬೋಟಿನದು ಇನ್ನೂ ಪೇಚು. ಅದಕ್ಕೆ ಎರಡು ಕೆಲಸ. ದಕ್ಕೆಯಿಂದ ಮೀನಿರುವ ಜಾಗಕ್ಕೆ ಓಡಬೇಕು. ಅಲ್ಲಿ ಭಾರದ ಬಲೆಯನ್ನು ಮೂರು ನಾಟ್ ಆಸುಪಾಸಿನಲ್ಲಿ ನಿಧಾನಕ್ಕೆ ಎಳೆಯಬೇಕು. ಮರಕ್ಕೆ ಸ್ಕ್ರೂ ತಿರುಪುವಾಗ ಒಂದು ಸುತ್ತಿಗೆ ಅದು ಇಷ್ಟು ಅಂತ ಒಳಗೆ ಹೋಗುತ್ತದೆ, ಅಲ್ವಾ? ಫ್ಯಾನಿನಲ್ಲಿ ಅದನ್ನೇ ಪಿಚ್ ಅನ್ನುತ್ತಾರೆ. ಓಟಕ್ಕೆ ಪಿಚ್ ಹೆಚ್ಚು ಬೇಕು, ಎಳೆತಕ್ಕೆ ಕಡಿಮೆ. ಎಲೆ ಗಟ್ಟಿಯಾಗಿ ಕೂರಿಸಿದ ಫ್ಯಾನಿನಲ್ಲಿ ಎರಡೂ ಪೂರ್ತಿ ಸಿಗುವುದಿಲ್ಲ.

ಇಂಥ ಜಗ್ಗಾಟಕ್ಕೆ ಜಗತ್ತೇ ಬಳಸುವ ಒಂದು ದಾರಿ ನಮ್ಮ ದೇಶದಲ್ಲೇ ಹುಟ್ಟಿತು. ಐಐಟಿ ಕಾನ್ಪುರದಲ್ಲಿದ್ದ ಕಲ್ಯಾಣ್ಮಯ್ ದೇಬ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ‘ಎನ್‌ಎಸ್‌ಜಿಎ-2’ ಎಂಬ ಲೆಕ್ಕದ ವಿಧಾನ ಅದು, ಆರಿಸಿ ಬೆರೆಸುವ ಬಗೆಯದೇ. ಅದು ಒಂದೇ ಉತ್ತರ ಕೊಡುವುದಿಲ್ಲ. ಒಂದು ಸಾಲು ಫ್ಯಾನುಗಳನ್ನು ಮುಂದಿಡುತ್ತದೆ. ಸಾಲಿನ ಒಂದು ತುದಿಯಲ್ಲಿ ಓಟ, ಇನ್ನೊಂದು ತುದಿಯಲ್ಲಿ ಎಳೆತ. ಆರಿಸುವವರು ನಾವು.

ಆರಿಸಬೇಕಾದರೆ ಒಂದು ಟ್ರಿಪ್ಪಿನಲ್ಲಿ ಎಷ್ಟು ಗಂಟೆ ಓಟ, ಎಷ್ಟು ಗಂಟೆ ಎಳೆತ ಅಂತ ಗೊತ್ತಿರಬೇಕು. ಅದು ಗೊತ್ತಿರುವುದು ಬೋಟು ನಡೆಸುವ ತಾಂಡೇಲರಿಗೆ. ಮಳೆಗಾಲದಲ್ಲಿ ಅವರಿಗೂ ಸ್ವಲ್ಪ ಪುರುಸೊತ್ತು. ದಕ್ಕೆಯಲ್ಲೇ ಬಲೆ ಸರಿಮಾಡುತ್ತಾ ಕೂತಿರುತ್ತಾರೆ.

ನಮಸ್ಕಾರ.