ರೊನಾಲ್ಡೊ ಅಂದ್ರ ಯಾವ ರೊನಾಲ್ಡೊ?

ನಮಸ್ಕಾರ್ರಿ. ಹುಬ್ಬಳ್ಳಿ ನೆಹರೂ ಮೈದಾನದಾಗ ಯಾವುದರ ಹುಡುಗನ ಮುಂದ ರೊನಾಲ್ಡೊ ಅಂದ್ ನೋಡ್ರಿ. ಜಿಗದು, ಗಾಳ್ಯಾಗ ತಿರುಗಿ, ಎರಡೂ ಕೈ ಕೆಳಗ ಚಾಚಿ ನಿಂತಬಿಡ್ತಾನ. ಅಂವ ಪೋರ್ಚುಗಲ್ ರೊನಾಲ್ಡೊ. ನಾ ಹೇಳಾಕ ಬಂದಿದ್ದು ಬ್ರೆಜಿಲ್ ರೊನಾಲ್ಡೊನ ಸುದ್ದಿ. 2011ರಾಗ ಫುಟ್‌ಬಾಲ್ ಆಟ ಬಿಟ್ಟಾಂವ. ಇಂಥಾವನ ಹೆಸರು ಇನ್ನೂ ಎಷ್ಟು ಗಟ್ಟಿ ಐತಿ ಅಂತ ಅಳಿಯೂದು ಹೆಂಗ್ರಿ?

ಗೂಗಲ್‌ನ್ಯಾಗ ಮಂದಿ ಯಾವಾಗ ಏನು ಹುಡುಕ್ಯಾರ ಅಂತ ತೋರಸೂ ಗೂಗಲ್ ಟ್ರೆಂಡ್ಸ್ ನೋಡು ಅಂತಾರ. ಅದರ ಲೆಕ್ಕ ಶುರು ಆಗೂದ 2004ರಿಂದ. ಈ ಮನಶ್ಯಾ ಎಂಟು ಗೋಲ್ ಹೊಡದು ಬ್ರೆಜಿಲ್ಲಿಗೆ ವಿಶ್ವಕಪ್ ತಂದಿದ್ದು 2002ರಾಗ. ತೇರು ಎಳದು ಮುಗದ ಮ್ಯಾಲೆ ಜಾತ್ರಿ ಮಂದಿ ಎಣಸಾಕ ಬಂದಂಗಾತು! ಮತ್ತ ಅದು ಹುಡುಕಿದವರ ತಲಿ ಎಣಸೂದಿಲ್ಲ; ನೀವು ಆರಿಸಿದ ಅವಧ್ಯಾಗ ಎಲ್ಲಾಕ್ಕಿಂತ ಜಾಸ್ತಿ ಹುಡುಕಿದ ಹೊತ್ತಿಗೆ 100 ಇಟ್ಟು, ಉಳದದ್ದನ್ನ ಅದಕ್ಕ ಹೋಲಿಸಿ ತೋರಸ್ತೈತಿ. ಬ್ರೆಜಿಲ್ಲಿನ ಹಳೇ ಹುಲಿ ಪೆಲೆ ತೀರಿಕೊಂಡಿದ್ದು 2022ರ ಡಿಸೆಂಬರ್ 29ಕ್ಕ. ಆ ವಾರ ಸೇರಿಸಿದ್ರ ಉಳದ ದಿನದ ಗೆರಿ ನೆಲಕ್ಕ ಬೀಳ್ತೈತಿ. ಅಷ್ಟಕ್ಕ ಮಂದಿ ಪೆಲೆನ್ನ ಮರತಾರ ಅನ್ನಾಕ ಬರ್ತೈತೇನು?

ಓಟು ಹಾಕಸ್ರಿ ಅಂತೀರಿ. ಅದೂ ಆಗೇತಿ. 2000ದಾಗ ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾ, ಶತಮಾನದ ಆಟಗಾರ ಯಾರು ಅಂತ ಇಂಟರ್‌ನೆಟ್ಟಿನ್ಯಾಗ ಕೇಳಿತು. ಅರ್ಜೆಂಟೀನಾದ ಮರಡೋನಾಗ ಶೇಕಡಾ 53ರ ಮ್ಯಾಲೆ, ಪೆಲೆಗೆ 18ರ ಆಸುಪಾಸು. ಆವಾಗ ಕಂಪ್ಯೂಟರ್ ಮುಂದ ಕುಂತವ್ರು ಮರಡೋನಾ ವಿಶ್ವಕಪ್ ಗೆದ್ದ 1986ರ ಆಟ ಟೀವ್ಯಾಗ ನೋಡಿದವ್ರು. ಪೆಲೆ ಗೆದ್ದ 1958ರ ವಿಶ್ವಕಪ್ ಕಂಡ ಅಜ್ಜಂದಿರ ಕೈಯಾಗ ಮೌಸ್ ಎಲ್ಲಿಂದ ಬರಬೇಕು? ಫಿಫಾ ಪೇಚಿಗೆ ಬಿದ್ದು, ತನ್ನ ಮಂದೀನ್ನ ಕೇಳಿ ಪೆಲೆಗೂ ಒಂದು ಪ್ರಶಸ್ತಿ ಕೊಟ್ಟು ಕೈ ತೊಳಕೊಂಡಿತು.

ಇನ್ನೊಂದು, ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ: ಗಡಿಯಾರ. 1998ರ ವಿಶ್ವಕಪ್ ಫೈನಲ್ ನಮಗ ನಡುರಾತ್ರಿ ಹನ್ನೆರಡೂವರಿಗೆ. ಬ್ರೆಜಿಲ್ 3-0 ಸೋತಿದ್ದು ಮುಂಜಾನೆ ಎದ್ದು ಪೇಪರಿನ್ಯಾಗ ಹುಡುಕಬೇಕು. 2002ರ ಫೈನಲ್ ಯೊಕೊಹಾಮಾದಾಗ. ನಮಗದು ಆಯ್ತವಾರ ಸಂಜಿ ನಾಲ್ಕೂವರಿ, ಚಾದ ಹೊತ್ತು! ಜರ್ಮನಿ ಮ್ಯಾಲೆ ಎರಡೂ ಗೋಲ್ ಅವಂದ. ಕ್ರಿಕೆಟ್ ಬಿಟ್ಟು ಬ್ಯಾರೆ ಗೊತ್ತಿಲ್ಲದ ನಮ್ಮ ಕಾಕಾಗಳೂ ‘ಹಣಿ ಮ್ಯಾಲಷ್ಟ ಕೂದಲಾ ಬಿಟ್ಟಿದ್ನಲ್ಲ, ಅಂವಾ?’ ಅಂತ ಇವತ್ತಿಗೂ ಕೇಳೂದು ಅದಕ್ಕ. ಆ ಸಂಜಿ ರಾತ್ರಿ ಆಗಿದ್ರ, ಧಾರವಾಡದಾಗ ಅವನ ಹೆಸರು ಇದರ ಅರ್ಧಾನೂ ಉಳೀತಿದ್ದಿಲ್ಲ ಅಂತ ನನ್ನ ವಾದ.

ನನ್ನ ಅಳತಿ ಸಣ್ಣದೈತಿ. ಅಂವ ಆಟ ಬಿಟ್ಟ ಮ್ಯಾಲೆ ಹುಟ್ಟಿದ ಹುಡುಗನ್ನ ಹಿಡೀರಿ. ವಿಶ್ವಕಪ್ ಗದ್ದಲ ಇಲ್ಲದ ತಿಂಗಳು ನೋಡಿ ಕೇಳ್ರಿ. ಹೆಸರು ಕೇಳಬ್ಯಾಡ್ರಿ, ‘ಅವನ ಒಂದು ಗೋಲ್ ಹೆಂಗಾತು ಹೇಳಪಾ’ ಅನ್ರಿ. ಇಲ್ಲೊಂದು ತಕರಾರು ಬರ್ತೈತಿ. ಫಿಫಾ 18 ವಿಡಿಯೊ ಗೇಮಿನ ಒಂದು ಆವೃತ್ತಿ ಮುಖಪುಟದ ಮ್ಯಾಲೆ ಇವನ ಫೋಟೊನ ಇತ್ತು. ಗೇಮ್ ಆಡಿದ ಹುಡುಗ ಇವನ ರೇಟಿಂಗ್ ಪಟಪಟ ಒದರ್ತಾನ. ಅದು ಕಂಪನಿ ರೊಕ್ಕಾ ಸುರಿದು ಉಳಿಸಿದ ಹೆಸರು, ನಾ ಲೆಕ್ಕಕ್ಕ ಹಿಡಿಯಂಗಿಲ್ಲ. ಅದ ಹುಡುಗ ‘2002ರ ಫೈನಲ್‌ದಾಗ ಜೋಡಿ ಆಟಗಾರ ರಿವಾಲ್ಡೊ ಹೊಡದ ಚೆಂಡು ಜರ್ಮನಿ ಗೋಲಿ ಕಾನ್ ಕೈಯಿಂದ ಜಾರಿತು, ಇಂವ ಓಡಿ ಬಂದು ಒಳಗ ತಳ್ಳಿದ, ನಮ್ಮಪ್ಪ ಹೇಳ್ಯಾನ’ ಅಂದ್ರ, ಅವನ್ನ ಎರಡು ಸಲ ಬರಕೊಳ್ರಿ.