ತುಳಿದವರ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ವಾಕರ್ ಎಂಬ ಹೆಸರನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ಇಂಗ್ಲೆಂಡಿನಲ್ಲಿ ಬಹಳ ಮನೆತನಗಳಿಗೆ ಇರುವ ಹೆಸರು ಅದು. ಕಿವಿಗೆ ಬಿದ್ದ ಕೂಡಲೇ 'ನಡೆಯುವವನು' ಎಂದು ಅರ್ಥ ಮಾಡಿಕೊಳ್ಳುತ್ತೇವೆ. ನಾನೂ ಬಹಳ ಕಾಲ ಹಾಗೇ ತಿಳಿದಿದ್ದೆ. ಆದರೆ ನಡೆಯುವುದು ಒಂದು ಕಸುಬೇ? ಕಬ್ಬಿಣ ಬಡಿಯುವವನಿಗೆ ಸ್ಮಿತ್, ಹಿಟ್ಟು ಬೀಸುವವನಿಗೆ ಮಿಲ್ಲರ್, ಬಟ್ಟೆ ಹೊಲಿಯುವವನಿಗೆ ಟೇಲರ್ ಎಂದು ಕರೆದ ಊರಿನವರು, ಸುಮ್ಮನೆ ನಡೆದಾಡುವವನಿಗೆ ಯಾಕೆ ಹೆಸರು ಕೊಟ್ಟಾರು? ವಾಕರ್ ನಡೆದದ್ದು ತೊಟ್ಟಿಯೊಳಗೆ, ಒದ್ದೆ ಉಣ್ಣೆಬಟ್ಟೆಯ ಮೇಲೆ. ಅವನು ತುಳಿಯುವವನು.

ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಆಗಿನ ಕಾಲದಲ್ಲಿ ಉಡುವ ಹಾಗೆ ಇರುತ್ತಿರಲಿಲ್ಲ. ನೂಲಿಗೆ ಹಚ್ಚಿದ ಎಣ್ಣೆಯ ಜಿಡ್ಡು ಅದರಲ್ಲೇ ಉಳಿದಿರುತ್ತಿತ್ತು, ನೇಯ್ಗೆ ಸಡಿಲವಾಗಿ ಗಾಳಿ ನುಗ್ಗುತ್ತಿತ್ತು. ಅದನ್ನು ತೊಟ್ಟಿಗೆ ಹಾಕಿ ಗಂಟೆಗಟ್ಟಲೆ ತುಳಿದರೆ ಜಿಡ್ಡು ಬಿಡುತ್ತದೆ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಇಷ್ಟಕ್ಕೆ ಬರಿ ನೀರು ಸಾಲದು. ಮನೆಮನೆಯಿಂದ ಕೂಡಿಸಿ ತಂದ ಹಳಸಿದ ಮೂತ್ರವನ್ನು ತೊಟ್ಟಿಗೆ ಸುರಿಯುತ್ತಿದ್ದರು. ಅದರಲ್ಲಿನ ಅಮೋನಿಯ ಜಿಡ್ಡನ್ನು ಕರಗಿಸುತ್ತದೆ. ಜೊತೆಗೆ ಒಂದು ಬಗೆಯ ಜೇಡಿಮಣ್ಣು. ಈ ಮಣ್ಣು ನಮಗೆ ಹೊಸದಲ್ಲ, ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿ ಅದೇ ಜಾತಿಯದು. ಇಂಗ್ಲಿಷಿನಲ್ಲಿ ಅದಕ್ಕೆ ಇವತ್ತಿಗೂ ಫುಲ್ಲರ್ಸ್ ಅರ್ತ್ ಎನ್ನುತ್ತಾರೆ, ಅಂದರೆ ಫುಲ್ಲರನ ಮಣ್ಣು. ಸರ್ರೆ ಪ್ರಾಂತದ ನಟ್‌ಫೀಲ್ಡಿನಲ್ಲಿ ಇದರ ದೊಡ್ಡ ಗಣಿಗಳಿದ್ದವು. ಬಟ್ಟೆ ವ್ಯಾಪಾರಕ್ಕೆ ಅದು ಎಷ್ಟು ಮುಖ್ಯವಾಗಿತ್ತೆಂದರೆ, 17ನೇ ಶತಮಾನದಲ್ಲಿ ಅದನ್ನು ಹೊರದೇಶಕ್ಕೆ ಸಾಗಿಸದಂತೆ ಕಾನೂನೇ ಇತ್ತು.

ಆ ವಾಸನೆಯ ನಡುವೆ, ಇಂಗ್ಲೆಂಡಿನ ಆ ಚಳಿಯಲ್ಲಿ, ಮೊಣಕಾಲವರೆಗೆ ನೆನೆದು ನಿಂತವನನ್ನು ನೆನೆದಾಗಲೆಲ್ಲ ನನಗೆ ಆ ಹೆಸರಿನ ಮೇಲೆ ಗೌರವ ಹುಟ್ಟುತ್ತದೆ.

ಈಗ ಫುಲ್ಲರ್ ಎಂದೆನಲ್ಲ, ಅವನು ಯಾರು? ಅವನೂ ಇದೇ ಕೆಲಸದವನು. ಟಕ್ಕರ್ ಎಂಬುವನೂ ಅಷ್ಟೆ. ಒಂದೇ ಕಸುಬಿಗೆ ಮೂರು ಹೆಸರು. ಉತ್ತರದಲ್ಲಿ, ಯಾರ್ಕ್‌ಷೈರ್ ಲ್ಯಾಂಕಷೈರ್ ಕಡೆ ವಾಕರ್. ಆಗ್ನೇಯದಲ್ಲಿ ಫುಲ್ಲರ್. ನೈಋತ್ಯದ ಡೆವನ್, ಸಾಮರ್‌ಸೆಟ್‌ಗಳಲ್ಲಿ ಟಕ್ಕರ್. ಫುಲ್ಲರ್ ಎಂಬುದರ ಬೇರು ಲ್ಯಾಟಿನ್ನಿನದು, ಫ್ರೆಂಚಿನ ನಂಟೂ ಅದಕ್ಕಿದೆ. ಉಳಿದೆರಡು ಹಳೆಯ ಇಂಗ್ಲಿಷಿನವು. ಟಕ್ಕರ್ ಹುಟ್ಟಿದ ಕ್ರಿಯಾಪದಕ್ಕೆ ಮೊದಲು 'ಹಿಂಸಿಸು' ಎಂಬ ಅರ್ಥವಿತ್ತು. ಬಟ್ಟೆಯನ್ನು ಅಷ್ಟು ಗೋಳು ಹೊಯ್ದುಕೊಳ್ಳುತ್ತಿದ್ದರು ಅನ್ನಿ. ವಾಕರ್ ಹುಟ್ಟಿದ ಮಾತಿಗೆ 'ಹೊರಳಿಸು, ಉರುಳಿಸು' ಎಂಬ ಅರ್ಥ. ನಡೆಯುವುದು ಎಂಬ ಅರ್ಥ ಬಲವಾಗಿ ಅಂಟಿಕೊಂಡದ್ದು ಆಮೇಲೆ. ಹೀಗಾಗಿ ಹಳೆಯ ಊರಿನ ದಾಖಲೆಯಲ್ಲಿ ಈ ಮೂರರಲ್ಲಿ ಯಾವ ಹೆಸರು ತುಂಬಿದೆ ಎಂದು ನೋಡಿದರೆ, ಅಲ್ಲಿ ಯಾವ ಸೀಮೆಯ ಮಾತು ನಡೆಯುತ್ತಿತ್ತೆಂದು ಊಹಿಸಬಹುದು.

ಈ ಅಡ್ಡಹೆಸರುಗಳು ತಂದೆಯಿಂದ ಮಗನಿಗೆ ಇಳಿದು ಗಟ್ಟಿಯಾದದ್ದು ಹೆಚ್ಚಾಗಿ 13, 14ನೇ ಶತಮಾನಗಳಲ್ಲಿ. ನನ್ನನ್ನು ಕಾಡುವ ವಿಷಯ ಇಲ್ಲಿದೆ. ಅದೇ ಕಾಲಕ್ಕೆ ಕಾಲಿನ ಕೆಲಸವನ್ನು ಯಂತ್ರ ಕಿತ್ತುಕೊಳ್ಳುತ್ತಿತ್ತು. ಹೊಳೆಯ ನೀರು ಚಕ್ರ ತಿರುಗಿಸುತ್ತಿತ್ತು, ಚಕ್ರ ಮರದ ದೊಡ್ಡ ಕೊಡತಿಗಳನ್ನು ಎತ್ತಿ ಎತ್ತಿ ಬಟ್ಟೆಯ ಮೇಲೆ ಬೀಳಿಸುತ್ತಿತ್ತು. ಟೆಂಪ್ಲರ್ ಎಂಬ ಕ್ರೈಸ್ತ ಯೋಧ-ಸನ್ಯಾಸಿಗಳ ಪಂಗಡದವರು 1185ರಲ್ಲಿ ತಮ್ಮ ಆಸ್ತಿಯ ಲೆಕ್ಕ ಬರೆಸಿದಾಗಲೇ ಇಂಥ ಗಿರಣಿಗಳು ಅದರಲ್ಲಿ ಸೇರಿದ್ದವು. ಇತಿಹಾಸಕಾರ್ತಿ ಎಲಿನೋರಾ ಕೇರಸ್-ವಿಲ್ಸನ್ 1941ರಲ್ಲಿ ಈ ಬದಲಾವಣೆಯನ್ನು 13ನೇ ಶತಮಾನದ ಕೈಗಾರಿಕಾ ಕ್ರಾಂತಿ ಎಂದೇ ಕರೆದರು.

ಗಿರಣಿಗಳ ಒಡೆಯರು ಜಮೀನ್ದಾರರು ಮತ್ತು ಮಠಗಳು. ಸೇಂಟ್ ಆಲ್ಬನ್ಸ್ ಊರಿನ ಮಠಾಧಿಪತಿ, ಎಲ್ಲರೂ ತನ್ನ ಗಿರಣಿಗೇ ಬಟ್ಟೆ ತರಬೇಕು, ಹಣ ಕೊಡಬೇಕು ಎಂದು ಹಟ ಹಿಡಿದ. ನಮ್ಮ ಬಟ್ಟೆಯನ್ನು ನಮ್ಮ ಮನೆಯಲ್ಲೇ ತುಳಿದುಕೊಳ್ಳುತ್ತೇವೆ ಎಂದು ಊರಿನವರು ತಿರುಗಿಬಿದ್ದರು. 1274ರ ಸುಮಾರಿಗೆ ಜಗಳ ರಾಣಿಯವರೆಗೂ ಹೋಯಿತು. ಗೆದ್ದದ್ದು ಮಠವೇ. ತಮ್ಮ ಕಾಲಿನಿಂದ ತಮ್ಮ ಬಟ್ಟೆ ತುಳಿದುಕೊಳ್ಳುವ ಹಕ್ಕಿಗಾಗಿ ಜನ ಹೋರಾಡಿದ್ದರು ಎಂಬುದನ್ನು ನಾವು ಮರೆಯಬಾರದು.

ಕಾಲು ಹೊರಗುಳಿಯಿತು, ಹೆಸರು ಮಾತ್ರ ಹೋಗಲಿಲ್ಲ. ಉತ್ತರದವರು ಗಿರಣಿಯನ್ನೇ ವಾಕ್‌ಮಿಲ್ ಎಂದರು, ನೈಋತ್ಯದವರು ಟಕ್‌ಮಿಲ್ ಎಂದರು. ವೇಲ್ಸಿನವರಿಗೆ ಅದು ಪಾಂಡಿ. ಅಲ್ಲಿನ ಟೋನಿಪಾಂಡಿ ಎಂಬ ಕಲ್ಲಿದ್ದಲಿನ ಊರಿನ ಹೆಸರಿಗೆ ಈ ಗಿರಣಿಯ ಹುಲ್ಲುಗಾವಲು ಎಂದೇ ಅರ್ಥ. ಎಕ್ಸೆಟರ್ ಪಟ್ಟಣದಲ್ಲಿ ನೇಕಾರರೂ ಟಕ್ಕರರೂ ಸೇರಿ 1471ರಲ್ಲಿ ಕಟ್ಟಿಸಿದ ಟಕ್ಕರ್ಸ್ ಹಾಲ್ ಇವತ್ತಿಗೂ ನಿಂತಿದೆ.

ಗಿರಣಿ ತಲುಪದ ಕಡೆ ಕೈಕಾಲೇ ಗತಿ. ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳಲ್ಲಿ 20ನೇ ಶತಮಾನದಲ್ಲೂ ಹೆಂಗಸರು ಈ ಕೆಲಸ ಮಾಡುತ್ತಿದ್ದರು. ಉದ್ದನೆಯ ಹಲಗೆಯ ಎರಡೂ ಬದಿಗೆ ಕೂತು, ನೆನೆದ ಬಟ್ಟೆಯನ್ನು ಹಲಗೆಗೆ ಬಡಿಯುತ್ತ, ಪಕ್ಕದವಳ ಕೈಗೆ ದಾಟಿಸುತ್ತ, ಗೇಲಿಕ್ ಭಾಷೆಯಲ್ಲಿ ಹಾಡುತ್ತಿದ್ದರು. ಒಬ್ಬಳು ಸಾಲು ಎತ್ತುವಳು, ಉಳಿದವರು ಪಲ್ಲವಿ ಹಿಡಿಯುವರು. ಒಮ್ಮೆ ಹಾಡಿದ ಹಾಡನ್ನು ಅದೇ ಬಟ್ಟೆಗೆ ಮತ್ತೆ ಹಾಡಿದರೆ ಕೆಡುಕು ಎಂಬ ನಂಬಿಕೆ ಅವರಲ್ಲಿತ್ತು. ಹಾಗಾಗಿ ಬಟ್ಟೆ ಹದಕ್ಕೆ ಬರುವ ತನಕ ಅವರಿಗೆ ಹೊಸ ಹೊಸ ಹಾಡು ಬೇಕಾಗುತ್ತಿತ್ತು.

ನಮಸ್ಕಾರ.